ಕೋಳಿ ತೂಕಡಿಸಿದ ದಿನ

ಅಂಗಳದ ಕೋಳಿ ಒಂದು ಮೂಲೆ ಹಿಡಿದು ತೂಕಡಿಸತೊಡಗಿತೆಂದರೆ ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಕಡೆ ಎರಡು ಸಲಹೆ ಕೇಳದೆಯೇ ಬರುತ್ತವೆ. "ಸಾಯೂಕಿಂತ ಮೊದ್ಲ ಕೊಯ್ದಬಿಡ್ರಿ" ಎಂಬುದು ಒಂದು. "ಉಳದಿದ್ದನ್ನ ಸಂತಿಗೆ ಒಯ್ದ ಮಾರಿಬಿಡ್ರಿ" ಎಂಬುದು ಇನ್ನೊಂದು. ಎರಡರ ಹಿಂದೆಯೂ ಬಡವರ ಲೆಕ್ಕವಿದೆ. ಜೀವವಿರುವ ಕೋಳಿಗೆ ಬೆಲೆಯುಂಟು, ಸತ್ತದ್ದಕ್ಕಿಲ್ಲ. ಆದರೆ ಒಂದು ಮನೆಯ ರೋಗ ಇಡೀ ಊರಿನ ರೋಗವಾಗುವುದು ಈ ಎರಡು ದಾರಿಯಿಂದಲೇ. ಕೊಯ್ದರೆ ರಕ್ತ, ಪುಕ್ಕ, ಕರುಳು ತಿಪ್ಪೆಗೆ ಬೀಳುತ್ತವೆ, ಆ ತಿಪ್ಪೆಯನ್ನು ಪಕ್ಕದ ಮನೆಯ ಕೋಳಿ ಕೆದರುತ್ತದೆ. ಸಂತೆಗೆ ಒಯ್ದರೆ ಒಂದೇ ಬುಟ್ಟಿಯಿಂದ ನಾಲ್ಕು ಹಳ್ಳಿಗೆ ರೋಗ ಹಂಚಿಕೆಯಾಗುತ್ತದೆ.

ಈ ಬರಹ ದೊಡ್ಡ ಶೆಡ್ಡು ಹಾಕಿ ಸಾವಿರಗಟ್ಟಲೆ ಸಾಕುವವರಿಗಲ್ಲ. ಅವರಿಗೆ ಡಾಕ್ಟರಿದ್ದಾರೆ, ಕಂಪನಿಯವರಿದ್ದಾರೆ. ದಾಂಡೇಲಿಯ ಕ್ವಾರ್ಟರ್ಸ್ ಹಿತ್ತಲಲ್ಲಿ ಮೂರು, ಜೋಯಿಡಾದ ಕಾಡಂಚಿನ ಮನೆಯಲ್ಲಿ ಆರು, ಹಳಿಯಾಳದ ತೋಟದ ಮನೆಯಲ್ಲಿ ಹತ್ತು ಜವಾರಿ ಕೋಳಿ ಇಟ್ಟುಕೊಂಡವರಿಗೆ ಇದು. ಅದರಲ್ಲೂ ಒಂದೇ ಒಂದು ಹೇಂಟೆಗೆ ಹೆಸರಿಟ್ಟು, ಅಕ್ಕಿ ಕೈಯಲ್ಲೇ ತಿನ್ನಿಸಿ, ಮಗುವಿನ ಕಂಕುಳಲ್ಲಿ ಊರು ಸುತ್ತಲು ಬಿಟ್ಟವರಿಗೆ. ಕೋಳಿ ಸಾಕುಪ್ರಾಣಿಯಾದ ಮನೆಯಲ್ಲಿ "ಕೊಯ್ದುಬಿಡಿ" ಎಂಬ ಸಲಹೆ ನಡೆಯುವುದಿಲ್ಲ. ನಡೆಯದಿರುವುದು ಒಳ್ಳೆಯದೇ. ಆದರೆ ಪ್ರೀತಿ ಹೆಚ್ಚಾದ ಮನೆಯಲ್ಲಿ ಇನ್ನೊಂದು ಅಪಾಯ ಇರುತ್ತದೆ: ಕಾಯಿಲೆ ಬಿದ್ದ ಕೋಳಿಯನ್ನು ಮಡಿಲಲ್ಲಿಟ್ಟು ಮಲಗಿಸುತ್ತಾರೆ, ಅದೇ ಕೈಯಲ್ಲಿ ಉಳಿದವುಗಳಿಗೆ ಕಾಳು ಹಾಕುತ್ತಾರೆ.

ಔಷಧಿಯ ಹುಡುಕಾಟ ಆಮೇಲೆ. ಮೊದಲು ಓಡಾಟ ನಿಲ್ಲಬೇಕು, ಕೋಳಿಯದ್ದೂ ನಿಮ್ಮದೂ.

ಮೊದಲ ಗಂಟೆ

ತೂಕಡಿಸುವ ಕೋಳಿಯನ್ನು ಬೇರೆ ಮಾಡಿ. ಬೇರೆ ಅಂದರೆ ಅದೇ ಗೂಡಿನೊಳಗೆ ಜಾಲಿ ಅಡ್ಡ ಕಟ್ಟುವುದಲ್ಲ. ಗಾಳಿ ಆ ಕಡೆಯಿಂದ ಈ ಕಡೆ ಬೀಸದಷ್ಟು, ಹಿಕ್ಕೆ ತೊಳೆದ ನೀರು ಹರಿದು ಬರದಷ್ಟು ದೂರ. ಸ್ನಾನದ ಮನೆ, ಕಟ್ಟಿಗೆ ಕೊಟ್ಟಿಗೆ, ಉಪಯೋಗಿಸದ ಪಡಸಾಲೆ, ಯಾವುದಾದರೂ ಸರಿ. ಅಡಿಗೆಮನೆ ಮಾತ್ರ ಬೇಡ. ಬಿದಿರ ಬುಟ್ಟಿಯನ್ನು ಬೋರಲು ಹಾಕಿ ಮೇಲೊಂದು ಕಲ್ಲಿಟ್ಟರೆ ಕೋಳಿ ಹೊರಗೆ ಬರುವುದಿಲ್ಲ, ಕೆಳಗೆ ಹಳೆಯ ಪೇಪರ್ ಹಾಸಿದರೆ ಹಿಕ್ಕೆಯ ಬಣ್ಣವೂ ಕಾಣುತ್ತದೆ. ಹಿಕ್ಕೆಯ ಬಣ್ಣ ಮುಂದೆ ಡಾಕ್ಟರಿಗೆ ಹೇಳಲು ಬೇಕು.

ಉಳಿದ ಕೋಳಿಗಳನ್ನು ಆ ದಿನ ಬಯಲಿಗೆ ಬಿಡಬೇಡಿ. ಅವು ನೋಡಲು ಚೆನ್ನಾಗಿಯೇ ಇರಬಹುದು. ಆದರೆ ರಾಣಿಖೇತ್‌ನಂಥ ಅಂಟುರೋಗ ಮೈಯೊಳಗೆ ಹೊಕ್ಕು ಹೊರಗೆ ಕಾಣಿಸಿಕೊಳ್ಳಲು ಎರಡರಿಂದ ಹದಿನೈದು ದಿನ, ಸಾಮಾನ್ಯವಾಗಿ ಐದಾರು ದಿನ ಹಿಡಿಯುತ್ತದೆ. ಇವತ್ತು ಹುಷಾರಾಗಿ ಕಾಣುವ ಹುಂಜವೇ ನಾಳೆ ನೆರೆಮನೆಗೆ ರೋಗ ಒಯ್ಯಬಲ್ಲದು. ಸಂಬಂಧಿಕರಿಗೆ ಕೋಳಿ ಕೊಡುವುದು, ಅವರಿಂದ ತರುವುದು, ಕಾವಿಗೆಂದು ಮೊಟ್ಟೆ ಹಂಚುವುದು ಎಲ್ಲವೂ ಎರಡು ಮೂರು ವಾರ ನಿಲ್ಲಲಿ. ಕೋಳಿ ಅಂಕಕ್ಕೆ ಹುಂಜ ಒಯ್ಯುವವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತಿದೆ. ಅಂಕದ ಕಣದಷ್ಟು ಚೆನ್ನಾಗಿ ರೋಗ ಹರಡುವ ಜಾಗ ಮತ್ತೊಂದಿಲ್ಲ.

ಇನ್ನು ನಿಮ್ಮ ಕೈಕಾಲು. ಬೆಳಿಗ್ಗೆ ಮೊದಲು ಹುಷಾರಾಗಿರುವ ಕೋಳಿಗಳ ಕೆಲಸ ಮುಗಿಸಿ, ಕಾಯಿಲೆಯದ್ದನ್ನು ಕೊನೆಗೆ ನೋಡಿ. ಆ ಜಾಗಕ್ಕೆಂದೇ ಒಂದು ಜೊತೆ ಹಳೆಯ ಚಪ್ಪಲಿ ಇಡಿ, ಅದು ಅಲ್ಲಿಂದ ಕದಲಬಾರದು. ನೀರಿನ ಬಟ್ಟಲು, ಕಾಳಿನ ಡಬ್ಬಿ, ಪೊರಕೆ ಕೂಡ ಬೇರೆ. ಮೂಗು ಬಾಯಿಗೆ ಮಾಸ್ಕ್, ಇಲ್ಲವೇ ಮಡಚಿದ ಬಟ್ಟೆ ಕಟ್ಟಿಕೊಳ್ಳಿ. ಒಣಗಿದ ಹಿಕ್ಕೆ ಗುಡಿಸುವಾಗ ಏಳುವ ಧೂಳಿನಿಂದಲೇ ಹೆಚ್ಚಿನ ತೊಂದರೆ. ಅದಕ್ಕೇ ಗುಡಿಸುವ ಮೊದಲು ನೀರು ಚಿಮುಕಿಸಿ. ಮುಗಿಸಿ ಬಂದು ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು, ಬಸುರಿಯರು, ವಯಸ್ಸಾದವರು ಆ ಕಡೆ ಹೋಗದಿರಲಿ. ಮನೆಯಲ್ಲಿ ಒಬ್ಬರೇ ಈ ಕೆಲಸ ವಹಿಸಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಯಾವ ಕಾಯಿಲೆ ಇರಬಹುದು

ತೂಕಡಿಸುವ ಕೋಳಿಗಳೆಲ್ಲ ಅಂಟುರೋಗದವಲ್ಲ. ಹೇಂಟೆಯೊಂದು ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ, ಹೊಟ್ಟೆಯ ಕೆಳಭಾಗ ಗಟ್ಟಿಯಾಗಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಹಿಂಭಾಗ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಿದರೆ ಕೆಲವೊಮ್ಮೆ ಸಡಿಲವಾಗುತ್ತದೆ. ಕುತ್ತಿಗೆ ಕೆಳಗಿನ ಕಾಳಿನ ಚೀಲ ರಾತ್ರಿ ಕಳೆದು ಬೆಳಗಾದರೂ ತುಂಬಿಕೊಂಡೇ ಇದ್ದರೆ ಅಲ್ಲಿ ಹುಲ್ಲೋ ದಾರವೋ ಕಟ್ಟಿಕೊಂಡಿರುತ್ತದೆ. ಬಿತ್ತನೆಗೆ ಔಷಧಿ ಸವರಿಟ್ಟ ಬೀಜ ತಿಂದು, ಇಲಿ ಪಾಷಾಣ ತಿಂದು ಸಾಯುವ ಕೋಳಿಗಳೂ ಇವೆ. ನಮ್ಮ ಭಾಗದ ಇನ್ನೊಂದು ಶತ್ರು ಬೂಸ್ಟು ಹಿಡಿದ ಗೋವಿನಜೋಳ. ಮುಂಡಗೋಡ, ಹಳಿಯಾಳದ ಹೊಲಗಳಲ್ಲಿ ಮಳೆಗೆ ಸಿಕ್ಕ ತೆನೆ "ಮನುಷ್ಯರಿಗೆ ಆಗೂದಿಲ್ಲ, ಕೋಳಿಗೆ ಆಗ್ತದ" ಎಂದು ಮೂಲೆ ಸೇರುತ್ತದೆ. ಕೋಳಿಗೂ ಆಗುವುದಿಲ್ಲ. ಬೂಸ್ಟಿನ ವಿಷ ಮೊದಲು ಹಿಡಿಯುವುದೇ ಕೋಳಿಯ ಯಕೃತ್ತನ್ನು.

ಒಂದೇ ಕೋಳಿಗೆ ಕಾಯಿಲೆ, ಉಳಿದವು ವಾರ ಕಳೆದರೂ ಹುಷಾರು ಎಂದಾದರೆ ಇಂಥ ಕಾರಣಗಳ ಕಡೆ ಯೋಚಿಸಬಹುದು. ಎರಡನೆಯದು ಬಿತ್ತೆಂದರೆ ಲೆಕ್ಕ ಬದಲಾಗುತ್ತದೆ.

ಹಿತ್ತಲ ಕೋಳಿಗಳನ್ನು ಗುಂಪುಗುಂಪಾಗಿ ಒಯ್ಯುವುದು ಹೆಚ್ಚಾಗಿ ರಾಣಿಖೇತ್, ಅಂದರೆ ನಾವು ಕೊಕ್ಕರೆ ರೋಗ ಎನ್ನುವುದು. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಾದ ಈ ರೋಗ ಒಂದೆರಡು ವರ್ಷದಲ್ಲೇ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿಕೊಂಡು ಆ ಊರಿನ ಹೆಸರನ್ನೇ ಪಡೆಯಿತು. ಕೋಳಿ ಮೊದಲು ಮಂಕಾಗುತ್ತದೆ, ರೆಕ್ಕೆ ಜೋತು ಬೀಳುತ್ತವೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ಕೊರಕೊರ ಸದ್ದು. ಬದುಕಿ ಉಳಿದ ಕೆಲವು ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತ ನಿಲ್ಲುತ್ತವೆ, ಕಾಲೋ ರೆಕ್ಕೆಯೋ ಸ್ವಾಧೀನ ತಪ್ಪುತ್ತದೆ. ಲಸಿಕೆ ಕಾಣದ ಗೂಡಿನಲ್ಲಿ ಅಷ್ಟೂ ಕೋಳಿಗಳು ಹೋಗಿಬಿಡಬಹುದು. ಇದು ವೈರಸ್. ಯಾವ ಮಾತ್ರೆಯೂ ಇದನ್ನು ಕೊಲ್ಲುವುದಿಲ್ಲ.

ಮಳೆಗಾಲದಲ್ಲಿ ಮರಿಗಳಿಗೆ ಬರುವ ರಕ್ತಭೇದಿಯ ಕಥೆ ಬೇರೆ. ಜೋಯಿಡಾದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ನೆಲ ಒಣಗುವುದೇ ಇಲ್ಲ. ಒದ್ದೆ ಹಾಸಿನಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಮೂರರಿಂದ ಎಂಟು ವಾರದ ಮರಿಗಳ ಕರುಳು ಕೊರೆಯುತ್ತದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ, ಮರಿ ಬಿಳಚಿಕೊಳ್ಳುತ್ತದೆ. ಇದಕ್ಕೆ ಆಂಪ್ರೋಲಿಯಂನಂಥ ಔಷಧಿಯನ್ನು ನೀರಲ್ಲಿ ಬೆರೆಸಿ ಕೊಟ್ಟರೆ ಗುಣವಾಗುತ್ತದೆ. ಪ್ರಮಾಣವನ್ನು ಡಾಕ್ಟರ್ ಹೇಳಬೇಕು. ಹಾಸು ಬದಲಿಸದೆ ಔಷಧಿ ಮಾತ್ರ ಕೊಟ್ಟರೆ ಮುಂದಿನ ವಾರ ಅದೇ ಕಥೆ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ನರಹುಲಿಯಂಥ ಕಪ್ಪು ಹೊಪ್ಪಳೆ ಎದ್ದರೆ ಅದು ಕೋಳಿ ಸಿಡುಬು. ಸೊಳ್ಳೆ ಕಚ್ಚಿ ಹರಡುತ್ತದೆ, ಮನುಷ್ಯರ ಸಿಡುಬಿಗೂ ಇದಕ್ಕೂ ಸಂಬಂಧವಿಲ್ಲ. ಹೊಪ್ಪಳೆ ಕೀಳದೆ ಬಿಟ್ಟು, ಕಣ್ಣು ಮುಚ್ಚಿಹೋದ ಕೋಳಿಗೆ ಕಾಳು ನೀರು ಮೂತಿಯ ಹತ್ತಿರ ಇಟ್ಟರೆ ಬಹಳಷ್ಟು ಕೋಳಿಗಳು ಚೇತರಿಸಿಕೊಳ್ಳುತ್ತವೆ. ಬಾಯೊಳಗೆ ಹುಣ್ಣಾದವು ಮಾತ್ರ ಕಷ್ಟ. ಮುಖ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿದರೆ ಅದು ಬ್ಯಾಕ್ಟೀರಿಯಾದ ನೆಗಡಿ, ಚಿಕಿತ್ಸೆಗೆ ಬಗ್ಗುತ್ತದೆ. ಮೂರರಿಂದ ಐದು ತಿಂಗಳ ಕೋಳಿಯೊಂದು ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬಿದ್ದರೆ ಮಾರೆಕ್ಸ್ ಇರಬಹುದು, ಅದಕ್ಕೆ ಮದ್ದಿಲ್ಲ. ಹಳೆಯ ಮರದ ಗೂಡಿದ್ದವರು ರಾತ್ರಿ ಟಾರ್ಚು ಹಿಡಿದು ಹಲಗೆಯ ಸಂದಿಗಳನ್ನು ನೋಡಿ. ಅಲ್ಲಿ ಅಡಗಿರುವ ಉಣ್ಣಿಗಳು ರಾತ್ರಿ ಬಂದು ರಕ್ತ ಹೀರುತ್ತವೆ, ಅವುಗಳಿಂದ ಬರುವ ಜ್ವರದಲ್ಲೂ ಕೋಳಿ ಕಾಲು ಕಳೆದುಕೊಂಡು ಬೀಳುತ್ತದೆ. ನೋಡಲು ಕೊಕ್ಕರೆ ರೋಗದಂತೆಯೇ ಇರುವ ಈ ಜ್ವರ ಸಕಾಲಕ್ಕೆ ಕೊಟ್ಟ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ. ಡಾಕ್ಟರ್ ನೋಡದೆ "ಇದು ಕೊಕ್ಕರೆ ರೋಗ, ಇನ್ನೇನೂ ಮಾಡಲಾಗದು" ಎಂದು ಕೈಚೆಲ್ಲಬಾರದು ಎನ್ನುವುದು ಇದಕ್ಕೇ.

ಹಕ್ಕಿ ಜ್ವರದ ಮಾತು

ಎಲ್ಲರ ಮನಸ್ಸಿನಲ್ಲಿರುವ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ಭಾರತದಲ್ಲಿ ಹಕ್ಕಿ ಜ್ವರ ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ಹರಿಹರದ ಬಳಿ ಕಾಣಿಸಿತು. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ದೃಢಪಟ್ಟಾಗ ಸತ್ತದ್ದು ದೊಡ್ಡ ಫಾರ್ಮಿನ ಕೋಳಿಗಳಲ್ಲ, ಮನೆಯಂಗಳದ ಕೋಳಿಗಳು. ಆದ್ದರಿಂದ "ನಮ್ಮದು ಜವಾರಿ, ಫಾರ್ಮಿನದಲ್ಲ, ಏನೂ ಆಗೋದಿಲ್ಲ" ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಒಂದೆರಡು ದಿನದೊಳಗೆ ಹಲವು ಕೋಳಿಗಳು ಸಾಯುವುದು, ಅದೂ ಕಾಯಿಲೆಯ ಗುರುತೇ ಕಾಣದೆ ಕೆಲವು ಸಾಯುವುದು, ಜುಟ್ಟು ಮತ್ತು ಗಲ್ಲದ ಜೋಲು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಕಾಲಿನ ಚರ್ಮದ ಮೇಲೆ ಕೆಂಪು ಚುಕ್ಕೆ. ಇವು ಸಂಶಯಕ್ಕೆ ಸಾಕು. ಊರಲ್ಲಿ ಕಾಗೆಗಳು ಸತ್ತು ಬೀಳುತ್ತಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. 2021ರ ಜನವರಿಯ ಹೊತ್ತಿಗೆ ಉತ್ತರದ ರಾಜ್ಯಗಳಲ್ಲಿ ಮೊದಲ ಸೂಚನೆ ಕೊಟ್ಟದ್ದು ಸತ್ತ ಕಾಗೆಗಳೇ. ಆದರೆ ಕಣ್ಣಿನಿಂದ ನೋಡಿ ರಾಣಿಖೇತ್ ಯಾವುದು, ಹಕ್ಕಿ ಜ್ವರ ಯಾವುದು ಎಂದು ಹೇಳಲು ಅನುಭವಿ ಡಾಕ್ಟರಿಗೂ ಆಗುವುದಿಲ್ಲ. ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆಯ ಪ್ರಯೋಗಾಲಯವೇ ಕೊನೆಯ ಮಾತು ಹೇಳಬೇಕು.

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ವಿಷಯ ಸ್ವಲ್ಪ ಹೆಚ್ಚೇ ತಟ್ಟುತ್ತದೆ. ಮುಂಡಗೋಡದ ಅತ್ತಿವೇರಿ ಕೆರೆಗೆ ಚಳಿಗಾಲದಲ್ಲಿ ನೀರುಹಕ್ಕಿಗಳು ಬರುತ್ತವೆ. ಬರಲಿ, ಅದು ಅವುಗಳ ಜಾಗ. ಕೆರೆಯಂಚಿಗೆ ನಮ್ಮ ಕೋಳಿ, ಬಾತುಗಳನ್ನು ಬಿಡದಿರುವುದು ನಮ್ಮ ಕೆಲಸ. ಜೋಯಿಡಾ, ದಾಂಡೇಲಿಯ ಕಾಡಂಚಿನಲ್ಲಿ ಊರ ಕೋಳಿಯೂ ಬೂದು ಕಾಡುಕೋಳಿಯೂ ಒಂದೇ ತರಗೆಲೆ ಕೆದರುತ್ತವೆ. ನಮ್ಮ ಗೂಡಿನ ರೋಗ ಅವಕ್ಕೆ ದಾಟಬಲ್ಲದು, ನವಿಲಿಗೂ ದಾಟಬಲ್ಲದು. ಇನ್ನೂ ಮುಂದೆ ಹೋದರೆ ಹುಲಿ ಚಿರತೆಗಳು. 2024ರ ಡಿಸೆಂಬರ್ ಕೊನೆಯಲ್ಲಿ ನಾಗಪುರದ ಗೋರೆವಾಡಾ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಹಕ್ಕಿ ಜ್ವರದಿಂದ ಸತ್ತವು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಪಕ್ಕದಲ್ಲಿ ವಾಸಿಸುವವರು ಸತ್ತ ಕೋಳಿಯನ್ನು ಕಾಡಿಗೆ ಎಸೆಯುವ ಮೊದಲು ಇದನ್ನು ನೆನೆಯಬೇಕು. ಮನೆಯ ಬೆಕ್ಕಿಗೂ ಇದೇ ಮಾತು.

ಯಾರಿಗೆ ಹೇಳಬೇಕು, ಏನು ಹೇಳಬೇಕು

ಉತ್ತರ ಕನ್ನಡ, ಶಿವಮೊಗ್ಗದವರಿಗೆ ಒಂದು ವಿಷಯ ಯಾರೂ ಕಲಿಸಬೇಕಾಗಿಲ್ಲ: ಕಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಶುರುವಾದ ಮಂಗನ ಕಾಯಿಲೆ ನಮಗೆ ಕಲಿಸಿದ ಪಾಠ ಅದು. ಸಿದ್ದಾಪುರದ ಅಡಿಕೆ ತೋಟದ ಕೆಲಸಗಾರನಿಗೂ ಅದು ಗೊತ್ತು. ಮಂಗನ ಸಾವು ಸುದ್ದಿಯಾಗುತ್ತದೆ, ಕೋಳಿಯ ಸಾವು ಸಾರಾಗುತ್ತದೆ. ಕೋಳಿಗಳು ಸಾಲಾಗಿ ಸತ್ತಾಗಲೂ ಅಷ್ಟೇ ಬೇಗ ಫೋನು ಮಾಡುವುದು ಅಭ್ಯಾಸವಾಗಬೇಕು.

ಇದು ಬರೀ ಸಲಹೆಯಲ್ಲ, ಕಾನೂನೂ ಹೌದು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆಂದು 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ಮಾಲೀಕ ಗ್ರಾಮಾಧಿಕಾರಿಗೋ ಪಂಚಾಯತಿಗೋ ತಿಳಿಸಬೇಕು, ಅವರು ಪಶುವೈದ್ಯರಿಗೆ ಮುಟ್ಟಿಸಬೇಕು. ಕಾಯಿಲೆಯ ಪ್ರಾಣಿಯನ್ನು ಬೇರೆ ಇಡುವುದೂ ಮಾಲೀಕನ ಹೊಣೆ. ನೀವು ನೇರವಾಗಿ ತಾಲ್ಲೂಕಿನ ಪಶು ಆಸ್ಪತ್ರೆಗೆ ಫೋನು ಮಾಡಿದರೆ ಇನ್ನೂ ಒಳ್ಳೆಯದು. 1962 ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಂಖ್ಯೆ. ದನಕ್ಕೆ ಮಾತ್ರ ಎಂದುಕೊಂಡು ಸಂಕೋಚ ಪಡಬೇಡಿ. ಪಶು ಆರೈಕೆಯ ತರಬೇತಿ ಪಡೆದ ಊರಿನ ಪಶು ಸಖಿಯರಿಗೂ ತಿಳಿಸಿಡಿ.

ಕೋಳಿಯನ್ನು ಬುಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ. ಮೊದಲು ಫೋನು, ಆಮೇಲೆ ಅವರು ಹೇಳಿದಂತೆ. ಜೋಯಿಡಾದ ಒಳ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಿ ಮಾತಾಡಬೇಕಾದೀತು. ಹಾಗಾಗಿ ಹೋಗುವ ಮೊದಲೇ ಕೋಳಿ ಉಸಿರಾಡುವ ಒಂದು ಸಣ್ಣ ವಿಡಿಯೋ, ಹಿಕ್ಕೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ್ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ: ಒಟ್ಟು ಎಷ್ಟು ಕೋಳಿ, ಎಷ್ಟಕ್ಕೆ ಕಾಯಿಲೆ, ಎಷ್ಟು ಸತ್ತವು, ಯಾವಾಗಿನಿಂದ, ವಯಸ್ಸೆಷ್ಟು, ಕಳೆದ ಒಂದು ತಿಂಗಳಲ್ಲಿ ಹೊಸ ಕೋಳಿ ತಂದಿರಾ, ಲಸಿಕೆ ಯಾವಾಗ ಹಾಕಿಸಿದ್ದು, ಏನು ಮೇವು. "ಹೊಸ ಕೋಳಿ" ಪ್ರಶ್ನೆಗೆ ನಾಚಿಕೊಳ್ಳದೆ ಉತ್ತರಿಸಿ. ಸಂತೆಯಿಂದ, ಜಾತ್ರೆಯಿಂದ, ಬೈಕಿನ ಹಿಂದೆ ಜಾಲಿ ಪೆಟ್ಟಿಗೆ ಕಟ್ಟಿಕೊಂಡು ಬಂದವನಿಂದ ಕೊಂಡ ಮರಿಯ ಜೊತೆಗೇ ರೋಗ ಬರುವುದು ಸಾಮಾನ್ಯ. ಮಕ್ಕಳ ಹಟಕ್ಕೆ ಕೊಳ್ಳುವ ಗುಲಾಬಿ, ಹಸಿರು ಬಣ್ಣ ಬಳಿದ ಮರಿಗಳಂತೂ ದಾರಿಯಲ್ಲೇ ಅರ್ಧ ಜೀವ ಕಳೆದುಕೊಂಡು ಬಂದಿರುತ್ತವೆ.

ಇಲಾಖೆಗೆ ತಿಳಿಸಿದರೆ ಬಂದು ಎಲ್ಲ ಕೋಳಿಗಳನ್ನೂ ಕೊಂದುಹಾಕುತ್ತಾರೆ ಎಂಬ ಹೆದರಿಕೆ ಇದೆ. ರಾಣಿಖೇತ್‌ಗೋ ಸಿಡುಬಿಗೋ ನಮ್ಮಲ್ಲಿ ಹಾಗೆ ಸಾಮೂಹಿಕವಾಗಿ ಕೊಲ್ಲುವ ಪದ್ಧತಿಯಿಲ್ಲ. ಹಕ್ಕಿ ಜ್ವರ ಪ್ರಯೋಗಾಲಯದಲ್ಲಿ ದೃಢಪಟ್ಟರೆ ಮಾತ್ರ ಸುತ್ತಲಿನ 1 ಕಿಲೋಮೀಟರ್ ಪ್ರದೇಶವನ್ನು ಸೋಂಕಿತ ವಲಯವೆಂದೂ 10 ಕಿಲೋಮೀಟರ್‌ವರೆಗೆ ನಿಗಾ ವಲಯವೆಂದೂ ಗುರುತಿಸಿ, ಸೋಂಕಿತ ವಲಯದ ಕೋಳಿಗಳನ್ನು ವಿಲೇವಾರಿ ಮಾಡುತ್ತಾರೆ. ಆಗ ಸರಕಾರ ಪರಿಹಾರ ಕೊಡುವುದು ಇಲಾಖೆ ಕೊಂದ ಕೋಳಿಗೆ, ಅದಕ್ಕೂ ಮೊದಲೇ ಸತ್ತದ್ದಕ್ಕಲ್ಲ. ಮುಚ್ಚಿಟ್ಟು ಕಾದವನು ಕೋಳಿಯನ್ನೂ ಕಳೆದುಕೊಳ್ಳುತ್ತಾನೆ, ಪರಿಹಾರವನ್ನೂ.

ಆರೈಕೆ

ಡಾಕ್ಟರ್ ಬರುವವರೆಗೆ, ಅಥವಾ ಬಂದು "ನೋಡೋಣ" ಎಂದು ಹೋದ ಮೇಲೆ, ನಿಮ್ಮ ಕೈಯಲ್ಲಿರುವುದು ನೀರು, ಬಿಸುಪು, ಸದ್ದಿಲ್ಲದ ಜಾಗ. ಭೇದಿಯಾಗುವ ಕೋಳಿ ಸಾಯುವುದು ಎಷ್ಟೋ ಸಲ ನೀರಿಲ್ಲದೆ. ಮನುಷ್ಯರ ಓಆರ್‌ಎಸ್ ಪುಡಿಯನ್ನೇ ಒಂದು ಲೀಟರ್ ನೀರಿಗೆ ಕಲಸಿ ಇಡಬಹುದು, ಸಂಜೆಗೆ ಉಳಿದದ್ದನ್ನು ಚೆಲ್ಲಿ. ಕೊಕ್ಕು ಬಿಡಿಸಿ ಗಂಟಲಿಗೆ ನೀರು ಹೊಯ್ಯುವುದು ಬೇಡ, ಶ್ವಾಸನಾಳಕ್ಕೆ ಹೋಗಿ ಕೋಳಿ ಅಲ್ಲೇ ಸಾಯುತ್ತದೆ. ಕೊಕ್ಕಿನ ಅಂಚಿಗೆ ಬೆರಳಿನಿಂದ ಹನಿ ಮುಟ್ಟಿಸಿದರೆ ಅದೇ ಚಪ್ಪರಿಸುತ್ತದೆ. ತಿನ್ನಲು ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯ ಹಳದಿ, ನೆನೆಸಿದ ನುಚ್ಚು. ಚಳಿಯಲ್ಲಿ ಬುಟ್ಟಿಯ ಒಂದು ಮಗ್ಗುಲಿಗೆ 60 ವ್ಯಾಟ್‌ನ ಹಳೆಯ ಬಲ್ಬು ಉರಿಸಿ. ಬಿಸಿ ಹೆಚ್ಚಾದರೆ ಸರಿದುಕೊಳ್ಳಲು ಇನ್ನೊಂದು ಮಗ್ಗುಲು ಖಾಲಿ ಇರಲಿ. ಏಪ್ರಿಲ್‌ನಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಕೋಳಿಗೆ ಬಲ್ಬು ಬೇಡ, ನೆರಳು ಸಾಕು.

ಬೆಳ್ಳುಳ್ಳಿ, ಅರಿಶಿನ, ಕಾಳುಮೆಣಸು ಅರೆದು ಗುಳಿಗೆ ಕಟ್ಟಿ ನುಂಗಿಸುವ ರೂಢಿ ಇದೆ. ಸಣ್ಣ ಪ್ರಮಾಣದಲ್ಲಿ ಹಾನಿಯೇನಿಲ್ಲ. ಆದರೆ ಅದು ರಾಣಿಖೇತ್ ವೈರಸ್ಸನ್ನು ಕೊಲ್ಲುತ್ತದೆಂದು ನಂಬಿ ಕೋಳಿಯನ್ನು ಬೇರೆ ಮಾಡುವುದನ್ನು, ಫೋನು ಮಾಡುವುದನ್ನು ಬಿಟ್ಟರೆ ಹಾನಿ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಆಂಟಿಬಯಾಟಿಕ್ ತಂದು ಅಂದಾಜಿನಲ್ಲಿ ಅರ್ಧ ಮಾತ್ರೆ ಹಾಕುವುದಂತೂ ಬೇಡವೇ ಬೇಡ. ವೈರಸ್ಸಿಗೆ ಅದು ನಾಟುವುದಿಲ್ಲ, ಮೊಟ್ಟೆಯಲ್ಲಿ ಉಳಿದು ನಮ್ಮ ಹೊಟ್ಟೆ ಸೇರುತ್ತದೆ. ಡಾಕ್ಟರ್ ಬರೆದ ಔಷಧಿ ಕೊಟ್ಟಾಗಲೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಕೊಳ್ಳಿ.

ಕೋಳಿ ಕುತ್ತಿಗೆ ತಿರುಚಿ, ಕಾಲು ಸತ್ತು, ತಿನ್ನಲಾಗದೆ ದಿನಗಟ್ಟಲೆ ನರಳುತ್ತಿದ್ದರೆ ನೋವಿಲ್ಲದೆ ಕಳಿಸಿಕೊಡಲು ಡಾಕ್ಟರನ್ನು ಕೇಳಬಹುದು. ಹೆಸರಿಟ್ಟು ಸಾಕಿದವರಿಗೆ ಈ ಮಾತು ಕಷ್ಟ. ಮಕ್ಕಳಿಂದ ಮುಚ್ಚಿಡಬೇಡಿ, ಮುಟ್ಟಲು ಮಾತ್ರ ಬಿಡಬೇಡಿ.

ಸತ್ತ ಮೇಲೆ

ಸತ್ತ ಕೋಳಿ ಪರೀಕ್ಷೆಗೆ ಬೇಕೇ ಎಂದು ಮೊದಲು ಡಾಕ್ಟರನ್ನು ಕೇಳಿ. ಬೇಕೆಂದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಐಸ್ ಇಟ್ಟು, ಆದಷ್ಟು ಬೇಗ ಅವರು ಹೇಳಿದಲ್ಲಿಗೆ ಮುಟ್ಟಿಸಬೇಕು. ಫ್ರೀಜರಿನಲ್ಲಿ ಕಲ್ಲಾಗಿಸಬೇಡಿ. ಹಕ್ಕಿ ಜ್ವರದ ಸಂಶಯವಿದ್ದರೆ ಅವರೇ ಬಂದು ಮಾದರಿ ಒಯ್ಯುತ್ತಾರೆ, ನೀವು ಮುಟ್ಟಬೇಡಿ. ಹೊಟ್ಟೆ ಸೀಳಿ ಏನಾಗಿದೆ ನೋಡುವ ಕುತೂಹಲ ಬೇಡ.

ಬೇಡವೆಂದರೆ ಹೂಳಬೇಕು. ನಾಯಿ, ಹಂದಿ, ನರಿ, ಪುನುಗು ಬೆಕ್ಕು ಕೆದಕದಂತೆ ಕನಿಷ್ಠ ಮೂರು ಅಡಿ ಗುಂಡಿ ತೆಗೆದು, ಕೆಳಗೂ ಮೇಲೂ ಸುಣ್ಣ ಹಾಕಿ, ಮಣ್ಣು ಮುಚ್ಚಿ ಕಲ್ಲು ಹೇರಿ. ಬಾವಿಯಿಂದ, ಹಳ್ಳದಿಂದ ದೂರ ಇರಲಿ. ಕಾಳಿ ನದಿಗೋ ಹಿನ್ನೀರಿಗೋ ಎಸೆಯುವುದು ಅಸಹ್ಯ ಮಾತ್ರವಲ್ಲ, ರೋಗದಿಂದ ಸತ್ತ ಪ್ರಾಣಿಯ ಕಳೇಬರವನ್ನು ಹೊಳೆ ಕೆರೆಗೆ ಹಾಕುವುದು 2009ರ ಆ ಕಾಯ್ದೆಯಡಿ ಅಪರಾಧ.

ಗೂಡು ತೊಳೆಯುವುದರಲ್ಲಿ ಎಲ್ಲರೂ ಒಂದು ಹೆಜ್ಜೆ ಹಾರಿಸುತ್ತಾರೆ. ಹಿಕ್ಕೆಯ ಮೇಲೇ ಬ್ಲೀಚಿಂಗ್ ಪೌಡರ್ ಎರಚಿದರೆ ಅದು ಹಿಕ್ಕೆಯೊಂದಿಗೆ ಸೇರಿ ಸತ್ತುಹೋಗುತ್ತದೆ, ಅಡಿಯಲ್ಲಿರುವ ವೈರಸ್ ಹಾಗೇ ಇರುತ್ತದೆ. ಮೊದಲು ಹಾಸನ್ನೆಲ್ಲ ಒದ್ದೆ ಮಾಡಿ ಕೆರೆದು ತೆಗೆದು ಹೂಳಿ ಅಥವಾ ಸುಡಿ. ಆಮೇಲೆ ಸೋಪಿನ ನೀರಿನಿಂದ ಉಜ್ಜಿ. ಅದು ಒಣಗಿದ ಮೇಲೆ ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಬಳಿದು ಅರ್ಧ ಗಂಟೆ ಬಿಡಿ. ಫಿನೈಲು, ಆಸಿಡ್ ಇದಕ್ಕೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬ್ಲೀಚಿಂಗ್ ಸಿಗದಿದ್ದರೆ ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡಾ ಆದೀತು. ಕೊನೆಗೆ ಗೋಡೆಗೆ ಸುಣ್ಣ, ಗೂಡಿಗೆ ಬಿಸಿಲು. ಬುಟ್ಟಿ ಹಳೆಯದಾಗಿದ್ದರೆ ತೊಳೆಯುವ ಗೋಜಿಗೆ ಹೋಗದೆ ಸುಟ್ಟುಬಿಡಿ.

ಕೋಳಿ ನೋಡಿಕೊಂಡವರಿಗೆ ಮುಂದಿನ ಹತ್ತು ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಕಣ್ಣು ಕೆಂಪಾಗುವುದು ಏನಾದರೂ ಕಂಡರೆ ಆಸ್ಪತ್ರೆಯಲ್ಲಿ ಮೊದಲ ಮಾತಿಗೇ "ಮನೆಯಲ್ಲಿ ಕೋಳಿ ಸತ್ತಿತ್ತು, ನಾನು ಮುಟ್ಟಿದ್ದೆ" ಎನ್ನಿ. ರಾಣಿಖೇತ್‌ನಿಂದ ಮನುಷ್ಯರಿಗೆ ಕೆಲವು ದಿನ ಕಣ್ಣುರಿ ಬರಬಹುದು, ಅಷ್ಟೇ. ಹಕ್ಕಿ ಜ್ವರ ಮನುಷ್ಯರಿಗೆ ತಗಲುವುದು ಅಪರೂಪ, ತಗಲಿದರೆ ಗಂಭೀರ. ಭಾರತದಲ್ಲಿ ಎಚ್5ಎನ್1 ಹಕ್ಕಿ ಜ್ವರದಿಂದಾದ ಮೊದಲ ಸಾವು 2021ರಲ್ಲಿ, 11 ವರ್ಷದ ಹುಡುಗನದು. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಿಂದ ಭಯವಿಲ್ಲ, 70 ಡಿಗ್ರಿ ಬಿಸಿಗೆ ವೈರಸ್ ಉಳಿಯುವುದಿಲ್ಲ. ಅಪಾಯವಿರುವುದು ಬೇಯಿಸುವುದಕ್ಕೂ ಮೊದಲು, ಕಾಯಿಲೆಯ ಕೋಳಿಯನ್ನು ಕೊಯ್ಯುವ, ಪುಕ್ಕ ತರಿಯುವ, ತೊಳೆಯುವ ಕೈಗಳಿಗೆ.

ಲಸಿಕೆ ಮತ್ತು ಹೊಸ ಮರಿ

ರಾಣಿಖೇತ್‌ಗೆ ಲಸಿಕೆ ಇದೆ, ಅಗ್ಗವೂ ಇದೆ. ಮರಿ ಐದರಿಂದ ಏಳು ದಿನದ್ದಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರಕ್ಕೆ ಲಸೋಟಾ ಲಸಿಕೆಯ ಇನ್ನೊಂದು ಹನಿ, ಎಂಟರಿಂದ ಹತ್ತು ವಾರಕ್ಕೆ ಆರ್2ಬಿ ಚುಚ್ಚುಮದ್ದು. ರಾಣಿಖೇತದ ಹೆಸರು ಹೊತ್ತ ಈ ರೋಗಕ್ಕೆ ಆರ್2ಬಿ ಲಸಿಕೆ ಸಿದ್ಧವಾದದ್ದೂ ಅದೇ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಪಶು ಸಂಶೋಧನಾ ಸಂಸ್ಥೆಯಲ್ಲಿ. ನಮ್ಮ ರಾಜ್ಯದಲ್ಲಿ ಹೆಬ್ಬಾಳದ ಸರಕಾರಿ ಸಂಸ್ಥೆ ಕೋಳಿ ಲಸಿಕೆಗಳನ್ನು ತಯಾರಿಸುತ್ತದೆ. ತೊಡಕಿರುವುದು ಬೇರೆ ಕಡೆ: ಒಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ನಾಲ್ಕು ಕೋಳಿಯವನು ಒಬ್ಬನೇ ಹೋಗಿ ಕೇಳಿದರೆ ಸೀಸೆ ಒಡೆಯಲು ಯಾರೂ ಒಪ್ಪಲಿಕ್ಕಿಲ್ಲ.

ಟಾಂಜಾನಿಯಾ, ಮೊಜಾಂಬಿಕ್ ಹಳ್ಳಿಗಳಲ್ಲಿ ಇದೇ ತೊಡಕನ್ನು ಹೇಗೆ ಬಿಡಿಸಿದರೆಂದರೆ, ಬಿಸಿ ಸ್ವಲ್ಪ ಹೆಚ್ಚು ತಾಳುವ ಐ-2 ಎಂಬ ಲಸಿಕೆ ಬಳಸಿ, ಊರಿನವರೇ ಕೆಲವರಿಗೆ ತರಬೇತಿ ಕೊಟ್ಟು, ನಾಲ್ಕು ತಿಂಗಳಿಗೊಮ್ಮೆ ಇಡೀ ಊರಿನ ಕೋಳಿಗಳ ಕಣ್ಣಿಗೆ ಒಂದೇ ದಿನ ಹನಿ ಹಾಕಿಸಿದರು, ಕೋಳಿಗೆ ಇಷ್ಟು ಎಂದು ಪುಡಿಗಾಸು ವಸೂಲಿ ಮಾಡಿ. ನಮ್ಮಲ್ಲಿ ಸ್ವಸಹಾಯ ಸಂಘಗಳಿವೆ, ಪಶು ಸಖಿಯರಿದ್ದಾರೆ. ಒಂದು ಕೇರಿಯ ಇಪ್ಪತ್ತು ಮನೆಯವರು ಕೋಳಿ ಲೆಕ್ಕ ಬರೆದುಕೊಂಡು ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಂಡರೆ ಸೀಸೆ ವ್ಯರ್ಥವಾಗುವುದಿಲ್ಲ. ಹಾಕಿಸುವುದಾದರೆ ಬೆಳಗಿನ ಜಾವ, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲು. ಹೊರಬಿದ್ದ ಜವಾರಿ ಹುಂಜವನ್ನು ಹಗಲಲ್ಲಿ ಹಿಡಿಯುವ ಪಾಡು ಗೊತ್ತೇ ಇದೆ. ರೋಗ ಈಗಾಗಲೇ ಹೊಕ್ಕ ಗೂಡಿನಲ್ಲಿ ಡಾಕ್ಟರನ್ನು ಕೇಳದೆ ಲಸಿಕೆ ಹಾಕಿಸಬೇಡಿ.

ಗೂಡು ಬರಿದಾದರೆ ಅವಸರ ಪಡಬೇಡಿ. ತೊಳೆದು ಸುಣ್ಣ ಬಳಿದ ಮೇಲೂ ಕನಿಷ್ಠ ಒಂದು ತಿಂಗಳು ಖಾಲಿ ಬಿಡಿ. ಮಾರೆಕ್ಸ್ ಎಂದು ಡಾಕ್ಟರ್ ಹೇಳಿದ್ದರೆ ಇನ್ನೂ ಹೆಚ್ಚು ಕಾಲ, ಯಾಕೆಂದರೆ ಅದರ ವೈರಸ್ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕುತ್ತಿಗೆ ತಿರುಚಿಯೂ ಬದುಕಿ ಉಳಿದ ಹಳೆಯ ಹೇಂಟೆ ಇದ್ದರೆ ಅದು ಕೆಲ ಕಾಲ ಹಿಕ್ಕೆಯಲ್ಲಿ ವೈರಸ್ ಹೊರಹಾಕುತ್ತಿರಬಹುದು, ಹೊಸ ಮರಿಗಳ ಜೊತೆ ಬಿಡುವ ಮೊದಲು ಡಾಕ್ಟರನ್ನು ಕೇಳಿ. ಮರಿಗಳನ್ನು ಸಂತೆಯ ಬುಟ್ಟಿಯಿಂದಲ್ಲ, ಲಸಿಕೆ ಹಾಕಿದ ದಾಖಲೆ ತೋರಿಸುವ ಕಡೆಯಿಂದ ತನ್ನಿ. ಮೂರು ವಾರ ಬೇರೆ ಇಟ್ಟು, ಅವುಗಳ ಕೆಲಸವನ್ನು ದಿನವೂ ಕೊನೆಗೆ ಮಾಡಿ.